ಬ್ರಿಡ್ಜ್ ಎಂದರೆ ಡಬ್ಬಿಯೊಳಗಿನ ಸ್ವಿಚ್ಚು

ಪ್ರಶ್ನೆ: ಮಂಡ್ಯದಲ್ಲಿ ನಾನೂ ನನ್ನ ತಮ್ಮನೂ ಸೇರಿ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್ಸ್ ನೋಡಿಕೊಳ್ಳುವ ಸಣ್ಣ ಆಫೀಸು ನಡೆಸುತ್ತೇವೆ. ಹಳೇ ಡೆಸ್ಕ್‌ಟಾಪ್ ಒಂದನ್ನು ಕೊಂಡು, ಒಂದೇ ಡಬ್ಬಿಯಲ್ಲಿ ಹಲವು ಕಂಪ್ಯೂಟರ್ ಓಡಿಸುವ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶ ಹಾಕಿದ್ದೇವೆ. ಅದರಲ್ಲಿ ವಿಂಡೋಸ್ ವಿಎಂ (ವರ್ಚುಯಲ್ ಮಷೀನ್, ಸಾಫ್ಟ್‌ವೇರ್ ರೂಪದ ಕಂಪ್ಯೂಟರ್) ಒಂದಿದೆ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಅದರಲ್ಲಿದ್ದು, ಆಫೀಸಿನ ನಾಲ್ಕೂ ಕಂಪ್ಯೂಟರಿಗೆ ಸಿಗಬೇಕು. ಅದರದೇ ನಕಲು ಮಾಡಿ ಪ್ರಯೋಗಕ್ಕೆಂದು ಇನ್ನೊಂದು ವಿಎಂ ಇಟ್ಟಿದ್ದೇನೆ. ಅದಕ್ಕೆ ಇಂಟರ್ನೆಟ್ ಸಾಕು, ಆಫೀಸಿನ ಯಂತ್ರಗಳನ್ನು ಅದು ಮುಟ್ಟಕೂಡದು. ಇದಕ್ಕಾಗಿ ಪ್ರಾಕ್ಸ್‌ಮಾಕ್ಸಿನ ನೆಟ್‌ವರ್ಕ್ ಪುಟದಲ್ಲಿ ಎರಡನೇ ಬ್ರಿಡ್ಜ್ ಮಾಡಿದೆ. ಒಂದೇ ನೆಟ್‌ವರ್ಕ್ ಕಾರ್ಡನ್ನು ಎರಡಕ್ಕೂ ಕೊಡಲು ಬಿಡಲಿಲ್ಲ, ಮೊದಲನೆಯದರಿಂದ ತೆಗೆದು ಎರಡನೆಯದಕ್ಕೆ ಹಾಕಿದೆ. ಅಪ್ಲೈ ಒತ್ತಿದ್ದೇ ತಡ, ಪುಟವೇ ಮಾಯವಾಯಿತು. ಮನೆಯ ಲ್ಯಾಪ್‌ಟಾಪಿನಲ್ಲಿ ವಿಎಂ ಓಡಿಸುವ ಇನ್ನೊಂದು ತಂತ್ರಾಂಶ ವರ್ಚುಯಲ್‌ಬಾಕ್ಸ್ ಹಾಕಿದಾಗ ಇದ್ಯಾವ ರಗಳೆಯೂ ಇಲ್ಲದೆ ಇಂಟರ್ನೆಟ್ ಬಂದಿತ್ತು. ಈಗ ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಬೇಕೆ? ತಮ್ಮ ಯುಎಸ್‌ಬಿ ವೈಫೈ ಡಾಂಗಲ್ ತಂದು ಅದನ್ನೇ ಎರಡನೇ ಕಾರ್ಡು ಮಾಡೋಣ ಅನ್ನುತ್ತಾನೆ.

ಉತ್ತರ: ಇನ್‌ಸ್ಟಾಲ್ ಬೇಡ ಮೇಡಂ. ನೀವು ಏನನ್ನೂ ಕೆಡಿಸಿಲ್ಲ, ತಂತಿಯನ್ನು ಒಂದು ಸ್ವಿಚ್ಚಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿದ್ದೀರಿ, ಅಷ್ಟೆ. ವಾಪಸ್ ಚುಚ್ಚಿದರೆ ಮುಗಿಯಿತು. ಆದರೆ ಅದಕ್ಕಿಂತ ಅರ್ಜೆಂಟಾಗಿ ನೋಡಬೇಕಾದ ಸಂಗತಿ ಒಂದಿದೆ. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲವಾದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಪ್ರಯೋಗದ ವಿಎಂ ಟ್ಯಾಲಿ ವಿಎಂನದೇ ನಕಲು ಎಂದಿರಿ. ಟ್ಯಾಲಿ ಯಂತ್ರಕ್ಕೆ ನೀವು ವಿಂಡೋಸ್ ಒಳಗೇ ಖಾಯಂ ಐಪಿ ವಿಳಾಸ ಬರೆದಿದ್ದರೆ, 192.168.1.20 ಅಂದುಕೊಳ್ಳಿ, ಸಾಮಾನ್ಯವಾಗಿ ನಕಲಿನಲ್ಲೂ ಅದೇ ವಿಳಾಸ, ಅದೇ ಕಂಪ್ಯೂಟರ್ ಹೆಸರು ಇರುತ್ತದೆ. ನಕಲು ಮಾಡುವಾಗ ಪ್ರಾಕ್ಸ್‌ಮಾಕ್ಸ್ ಹೊಸ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ, ಕೊಡುತ್ತದೆಯೇ ಹೊರತು ವಿಂಡೋಸಿನ ಹೊಟ್ಟೆಯೊಳಗೆ ಕೈ ಹಾಕುವುದಿಲ್ಲ. ಈಗ ಕಾರ್ಡನ್ನು ಎರಡನೇ ಬ್ರಿಡ್ಜಿಗೆ ಕೊಟ್ಟಿರಿ. ಆ ಬ್ರಿಡ್ಜಿನಲ್ಲಿ ನಕಲು ಯಂತ್ರ ಓಡುತ್ತಿದ್ದರೆ, ಆ ಕ್ಷಣದಿಂದ ಆಫೀಸಿನ ತಂತಿ ಸಿಕ್ಕಿದ್ದು ನಕಲಿಗೆ. ಅಸಲಿ ಟ್ಯಾಲಿ ಯಂತ್ರ ಹೊರಗಿನ ಸಂಪರ್ಕವಿಲ್ಲದ ಕತ್ತಲಕೋಣೆಯಲ್ಲಿ ಕೂತಿದೆ. ನಾಲ್ಕು ಕಂಪ್ಯೂಟರುಗಳಿಗೆ ವ್ಯತ್ಯಾಸವೇ ಗೊತ್ತಾಗಿರುವುದಿಲ್ಲ. ಅದೇ ವಿಳಾಸ, ಅದೇ ಹೆಸರು, ಅದೇ ಟ್ಯಾಲಿ. ಪುಟ ಮಾಯವಾದ ಮೇಲೆ ಯಾರಾದರೂ ವೋಚರ್ ಎಂಟ್ರಿ ಹಾಕಿದ್ದರೆ ಅದು ನಕಲಿನ ಪುಸ್ತಕಕ್ಕೆ ಬಿದ್ದಿರಬಹುದು. ಸರಿಪಡಿಸುವ ಮೊದಲು ಆ ದಿನದಿಂದೀಚಿನ ಎಂಟ್ರಿಗಳನ್ನು ಎರಡೂ ಕಡೆ ತಾಳೆ ನೋಡಿ. ಸರಿಪಡಿಸಿದ ಮೇಲೆ ನೋಡಿದರೆ ಎಂಟ್ರಿ ಹಾಕಿದ ಹುಡುಗನ ಮೇಲೆ ಸುಮ್ಮನೆ ಅನುಮಾನ ಬರುತ್ತದೆ.

ಈಗ ಬ್ರಿಡ್ಜಿನ ವಿಷಯ. ಆ ಹೆಸರೇ ಗೊಂದಲ ಹುಟ್ಟಿಸುತ್ತದೆ. ಸೇತುವೆ ಎಂದರೆ ಎರಡು ದಡ ಇರಬೇಕು ಅನ್ನಿಸುತ್ತದೆ. ಅದನ್ನು ಮರೆತುಬಿಡಿ. ನಿಮ್ಮ ಮೇಜಿನ ಕೆಳಗೆ ಐದು ಇಲ್ಲವೇ ಎಂಟು ಪೋರ್ಟಿನ ಸ್ವಿಚ್ಚು ಇದೆಯಲ್ಲ, ಅದೇ ಸ್ವಿಚ್ಚು ಡೆಸ್ಕ್‌ಟಾಪಿನ ಡಬ್ಬಿಯೊಳಗೆ ಸಾಫ್ಟ್‌ವೇರ್ ರೂಪದಲ್ಲಿ ಕೂತಿದೆ. ಪ್ರಾಕ್ಸ್‌ಮಾಕ್ಸ್ ಇನ್‌ಸ್ಟಾಲ್ ಆಗುವಾಗ ಇಂಥದ್ದೊಂದನ್ನು ತಾನೇ ಮಾಡಿ ವಿಎಂಬಿಆರ್0 ಎಂದು ಹೆಸರಿಡುತ್ತದೆ. ಈ ಸ್ವಿಚ್ಚಿನ ಒಂದು ಪೋರ್ಟಿಗೆ ನಿಮ್ಮ ನೆಟ್‌ವರ್ಕ್ ಕಾರ್ಡು ಸಿಕ್ಕಿಕೊಂಡಿದೆ, ಅಂದರೆ ಗೋಡೆಯ ಕಡೆಯಿಂದ ಬಂದ ತಂತಿ. ಪ್ರತಿ ವಿಎಂ ಇನ್ನೊಂದೊಂದು ಪೋರ್ಟು. ಪ್ರಾಕ್ಸ್‌ಮಾಕ್ಸ್ ಓಡುತ್ತಿರುವ ಆ ಯಂತ್ರವೂ, ಅಂದರೆ ಹೋಸ್ಟೂ, ಅದೇ ಸ್ವಿಚ್ಚಿಗೆ ಸಿಕ್ಕಿಸಿದ ಇನ್ನೊಂದು ಕಂಪ್ಯೂಟರ್ ಮಾತ್ರ.

ಹೊಸಬರೆಲ್ಲ ಎಡವುವುದು ಈ ಕೊನೆಯ ಮಾತಿನಲ್ಲೇ. ಬ್ರಿಡ್ಜಿಗೆ ಬರೆಯುವ ಐಪಿ ವಿಳಾಸ ಬ್ರಿಡ್ಜಿನದಲ್ಲ, ವಿಎಂಗಳದ್ದಂತೂ ಅಲ್ಲವೇ ಅಲ್ಲ. ಅದು ಹೋಸ್ಟಿನ ಸ್ವಂತ ವಿಳಾಸ. ನೀವು ಬ್ರೌಸರಿನಲ್ಲಿ 192.168.1.10, ಆಮೇಲೆ 8006 ಎಂದು ಹೊಡೆದಾಗ ಬಾಗಿಲು ತೆಗೆಯುವುದು ಆ ವಿಳಾಸ. ಸ್ವಿಚ್ಚಿಗೆ ವಿಳಾಸದ ಅಗತ್ಯವೇ ಇಲ್ಲ. ವಿಎಂಬಿಆರ್0ರಿಂದ ಆ ವಿಳಾಸ ಅಳಿಸಿದರೂ ಟ್ಯಾಲಿ ವಿಎಂ ನಡೆಯುತ್ತಲೇ ಇರುತ್ತದೆ, ಪ್ರಾಕ್ಸ್‌ಮಾಕ್ಸ್ ಪುಟ ಮಾತ್ರ ಸಿಗುವುದಿಲ್ಲ. ನಿಮಗೆ ಆದದ್ದು ಇದಕ್ಕೆ ತಿರುಗುಮುರುಗು. ವಿಳಾಸ ಹಾಗೇ ಉಳಿಯಿತು, ತಂತಿ ಹೋಯಿತು. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆಗಾಲುವೆಯನ್ನು ಎಷ್ಟು ನೀಟಾಗಿ ತೋಡಿದರೇನು, ವಿ.ಸಿ. ನಾಲೆಯ ತೂಬು ಪಕ್ಕದ ಗದ್ದೆ ಕಡೆ ತಿರುಗಿದ್ದರೆ ನಿಮ್ಮ ಭತ್ತ ಒಣಗುವುದೇ.

ವಾಪಸ್ ಚುಚ್ಚುವುದು ಹೀಗೆ. ಆ ಡಬ್ಬಿಗೆ ಮಾನಿಟರ್, ಕೀಬೋರ್ಡ್ ಸಿಕ್ಕಿಸಿ. ರೂಟ್ ಎಂದು ಲಾಗಿನ್ ಆಗಿ. ನೆಟ್‌ವರ್ಕಿನ ಇಡೀ ಜಾತಕ ಒಂದೇ ಫೈಲಿನಲ್ಲಿದೆ. ಇಟಿಸಿ ಎಂಬ ಫೋಲ್ಡರ್, ಅದರೊಳಗೆ ನೆಟ್‌ವರ್ಕ್, ಅದರೊಳಗೆ ಇಂಟರ್‌ಫೇಸಸ್ (/etc/network/interfaces). ಮೊದಲು ಅದರದ್ದೊಂದು ಪ್ರತಿ ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ನ್ಯಾನೋ ಎಂಬ ಎಡಿಟರಿನಲ್ಲಿ ತೆರೆದರೆ ಎರಡೂ ಬ್ರಿಡ್ಜಿನ ಕೆಳಗೆ ಬ್ರಿಡ್ಜ್ ಪೋರ್ಟ್ಸ್ ಎಂಬ ಸಾಲು ಕಾಣುತ್ತದೆ. ನಿಮ್ಮ ಎರಡನೇ ಬ್ರಿಡ್ಜು ವಿಎಂಬಿಆರ್1, ಅದರ ಕೆಳಗಿರುವ ಕಾರ್ಡಿನ ಹೆಸರನ್ನು ವಿಎಂಬಿಆರ್0ರ ಸಾಲಿಗೆ ಬರೆಯಿರಿ. ಅದು ಇಎನ್‌ಪಿ2ಎಸ್0 ಎಂಬಂತೆ ಏನೋ ಇರುತ್ತದೆ. ವಿಎಂಬಿಆರ್1ರ ಸಾಲಿನಲ್ಲಿ ನನ್ (none) ಎಂಬ ಪದ, ಏನೂ ಇಲ್ಲ ಎಂಬ ಅರ್ಥದ್ದು, ಬರೆದು ಉಳಿಸಿ. ಕೊನೆಗೆ ಐಎಫ್‌ರೀಲೋಡ್ ಎಂಬ ಆಜ್ಞೆ, ಒಂದು ಖಾಲಿ ಜಾಗ, ಅಡ್ಡಗೆರೆ, ಎ (ifreload -a). ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. ಆದರೆ ಇದನ್ನು ಹೊಡೆಯುವ ಮುನ್ನ ನಕಲು ವಿಎಂ ನಿಂತಿದೆ ಎಂದು ಖಾತ್ರಿ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ವಿಳಾಸವನ್ನು ಕಾರ್ಡಿನ ಕೆಳಗೂ ಬರೆಯಲು ಹೋಗಬೇಡಿ. ಕಾರ್ಡು ಬ್ರಿಡ್ಜಿಗೆ ಸೇರಿದ ಮೇಲೆ ಅದು ಬರೀ ತಂತಿ. ಗೇಟ್‌ವೇ, ಅಂದರೆ ಹೊರಗೆ ಹೋಗಲು ಹಿಡಿಯಬೇಕಾದ ಬಾಗಿಲಿನ ವಿಳಾಸ, ಕೂಡ ಅಷ್ಟೆ. ಬ್ರಿಡ್ಜ್ ಎಷ್ಟಾದರೂ ಇರಲಿ, ಹೋಸ್ಟಿಗೆ ಗೇಟ್‌ವೇ ಒಂದೇ, ಅದು ವಿಎಂಬಿಆರ್0ರಲ್ಲಿ. ಪುಟದಲ್ಲಿ ಎರಡನೆಯದನ್ನು ಬರೆಯಲು ಹೋದರೆ ಪ್ರಾಕ್ಸ್‌ಮಾಕ್ಸೇ ಬೇಡ ಅನ್ನುತ್ತದೆ. ಯಾವುದೋ ವಿಡಿಯೋ ನೋಡಿ ಫೈಲಿನಲ್ಲಿ ಕೈಯಾರೆ ತುರುಕುವವರನ್ನು ಮಾತ್ರ ಅದು ತಡೆಯಲಾರದು.

ಮನೆಯ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ನಡೆಯಿತಲ್ಲ, ಇಲ್ಲಿ ಏಕಿಲ್ಲ ಎಂದು ಕೇಳಿದ್ದೀರಿ. ಅಲ್ಲಿ ವಿಎಂಗೆ ಬಂದಿದ್ದ ವಿಳಾಸ 10.0.2.15 ಆಗಿತ್ತಲ್ಲವೆ? ಊಹಿಸಿ ಹೇಳುತ್ತಿಲ್ಲ, ವರ್ಚುಯಲ್‌ಬಾಕ್ಸ್ ಏನೂ ಬದಲಿಸದಿದ್ದರೆ ಕೊಡುವುದೇ ಅದು. ಇನ್ನೊಂದು ವಿಎಂ ಮಾಡಿದರೆ ಅದಕ್ಕೂ ಅದೇ 10.0.2.15. ಇಬ್ಬರಿಗೂ ಒಂದೇ ವಿಳಾಸ, ಆದರೂ ಜಗಳವಿಲ್ಲ, ಏಕೆಂದರೆ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಅದು ನ್ಯಾಟ್ ಎಂಬ ಏರ್ಪಾಡು.

ಮೈಸೂರಿನ ಹಳೇ ವಠಾರಗಳನ್ನು ನೋಡಿದವರಿಗೆ ನ್ಯಾಟ್ ಕಲಿಸುವುದು ಸುಲಭ. ಬೀದಿಗೆ ಕಾಣುವುದು ಒಂದೇ ಬಾಗಿಲು, ಒಂದೇ ಡೋರ್ ನಂಬರು. ಒಳಗೆ ಆರು ಸಂಸಾರ. ಒಳಗಿನವರು ತರಕಾರಿಗೆ ಹೋಗಬಹುದು, ಬರಬಹುದು, ಹೊರಗೆ ಹೋದವರು ಹೇಳಿಟ್ಟು ಹೋದರೆ ಅವರಿಗೆ ಬಂದ ಸಾಮಾನನ್ನು ಮಾಲೀಕರು ಸರಿಯಾದ ಮನೆಗೆ ಮುಟ್ಟಿಸುತ್ತಾರೆ. ಆದರೆ ಬೀದಿಯಲ್ಲಿ ನಿಂತ ಅಪರಿಚಿತನಿಗೆ ಒಳಗಿನ ಮೂರನೇ ಮನೆಯ ಕದ ತಟ್ಟಲು ದಾರಿಯಿಲ್ಲ. ನ್ಯಾಟ್‌ನಲ್ಲಿ ಹೋಸ್ಟೇ ಆ ಮಾಲೀಕ. ಬ್ರಿಡ್ಜಿನ ಮೇಲೆ ಕೂತ ವಿಎಂ ಹಾಗಲ್ಲ, ಅದು ಬೀದಿಗೇ ಬಾಗಿಲಿಟ್ಟುಕೊಂಡ ಸ್ವಂತ ನಂಬರಿನ ಮನೆ. ರೂಟರ್ ಅದನ್ನು ಆಫೀಸಿನ ಇನ್ನೊಂದು ಕಂಪ್ಯೂಟರ್ ಎಂದೇ ತಿಳಿಯುತ್ತದೆ.

ಆದ್ದರಿಂದ ನಿಮ್ಮ ಟ್ಯಾಲಿ ವಿಎಂ ವಿಎಂಬಿಆರ್0ರಲ್ಲೇ ಇರಬೇಕು. ನಾಲ್ಕು ಕಂಪ್ಯೂಟರು ಅದರ ಕದ ತಟ್ಟಬೇಕಲ್ಲ. ಅದಕ್ಕೆ 192.168.1.20, ಗೇಟ್‌ವೇ ರೂಟರಿನ 192.168.1.1. ಈ ವಿಳಾಸ, ಹೋಸ್ಟಿನ ವಿಳಾಸ ಎರಡೂ ರೂಟರ್ ತಾನೇ ಹಂಚುವ ಸರಣಿಯ ಹೊರಗಿರಲಿ. ರೂಟರಿನ ಪುಟದಲ್ಲಿ ಡಿಎಚ್‌ಸಿಪಿ ಎಂಬಲ್ಲಿ ಇಷ್ಟರಿಂದ ಇಷ್ಟಕ್ಕೆ ಎಂದು ಬರೆದಿರುತ್ತದೆ. 100ರಿಂದ 199 ಎಂದು ಇಟ್ಟುಕೊಂಡರೆ ಕೆಳಗಿನವೆಲ್ಲ ನಿಮ್ಮವು. ಹೀಗೆ ಮಾಡದೆ, ಖಾಲಿ ಇದೆಯಲ್ಲ ಎಂದು 105 ಕೊಟ್ಟರೆ, ಯಾರೋ ಕಕ್ಷಿದಾರರು ಬಂದು ತಮ್ಮ ಫೋನನ್ನು ನಿಮ್ಮ ವೈಫೈಗೆ ಸೇರಿಸಿದ ದಿನ ರೂಟರ್ ಅವರಿಗೂ 105 ಕೊಟ್ಟೀತು. ಟ್ಯಾಲಿ ಬಿಟ್ಟುಬಿಟ್ಟು ನಿಲ್ಲುತ್ತದೆ, ಕಾರಣ ಹುಡುಕಲು ವಾರ ಬೇಕು.

ಪ್ರಯೋಗದ ವಿಎಂಗೆ ವಠಾರ ಕಟ್ಟಿಕೊಡೋಣ. ವಿಎಂಬಿಆರ್1ಕ್ಕೆ ಕಾರ್ಡು ಬೇಡ, ಅದು ಹೊರಗೆ ತಂತಿಯೇ ಇಲ್ಲದ ಸ್ವಿಚ್ಚು. ಹೋಸ್ಟಿಗೆ ಅಲ್ಲೊಂದು ವಿಳಾಸ ಕೊಡಿ, 10.10.10.1, ಮುಂದೆ ಓರೆಗೆರೆ 24, ಅಂದರೆ 10.10.10 ಎಂದು ಶುರುವಾಗುವ ಇಡೀ ಸರಣಿ ಇಲ್ಲಿಯದು. ಗೇಟ್‌ವೇ ಖಾಲಿ ಬಿಡಿ. ಇಲ್ಲಿ 192.168.1 ಎಂದು ಶುರುವಾಗುವ ಯಾವ ವಿಳಾಸವೂ ಕೂಡದು. ಒಂದೇ ಸರಣಿ ಎರಡು ಸ್ವಿಚ್ಚಿನಲ್ಲಿದ್ದರೆ ಯಾವ ಕಡೆ ಕಳಿಸಬೇಕೆಂದು ಹೋಸ್ಟಿಗೆ ತಿಳಿಯುವುದಿಲ್ಲ. ಆಮೇಲೆ ಹೋಸ್ಟಿಗೆ ಎರಡು ಕೆಲಸ ಹೇಳಬೇಕು. ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸು ಎಂಬುದು ಒಂದು, ದಾಟಿಸುವಾಗ ಕಳಿಸಿದವರ ಜಾಗದಲ್ಲಿ ನಿನ್ನ ವಿಳಾಸ ಬರೆ ಎಂಬುದು ಇನ್ನೊಂದು. ಎರಡನೆಯದರ ಹೆಸರು ಮಾಸ್ಕರೇಡ್, ವೇಷ ಹಾಕುವುದು. ಅಪರೂಪಕ್ಕೆ ಅರ್ಥವತ್ತಾದ ಹೆಸರು. ಪ್ರಾಕ್ಸ್‌ಮಾಕ್ಸಿನ ಅಧಿಕೃತ ಕೈಪಿಡಿಯಲ್ಲಿ ನೆಟ್‌ವರ್ಕ್ ಅಧ್ಯಾಯದಲ್ಲಿ ಇದರ ಉದಾಹರಣೆ ಸಾಲುಸಾಲಾಗಿ ಇದೆ. ಅದನ್ನೇ ನಕಲು ಮಾಡಿ ನಿಮ್ಮ 10.10.10.0 ಸರಣಿಯನ್ನೂ ವಿಎಂಬಿಆರ್0 ಎಂಬ ಹೆಸರನ್ನೂ ಹೊಂದಿಸಿಕೊಳ್ಳಿ. ಕೆಲವು ಉದಾಹರಣೆಗಳಲ್ಲಿ ಹೊರಬಾಗಿಲು ಕಾರ್ಡೇ ಆಗಿರುತ್ತದೆ, ನಿಮ್ಮಲ್ಲಿ ಅದು ಬ್ರಿಡ್ಜ್. 8.1ನೇ ಆವೃತ್ತಿಯಿಂದೀಚೆಗೆ ಎಸ್‌ಡಿಎನ್ ಎಂಬ ಭಾಗದಲ್ಲಿ ಇದನ್ನೇ ಗುಂಡಿ ಒತ್ತಿ ಮಾಡುವ ದಾರಿಯೂ ಇದೆ. ಮೊದಲ ಸಲ ಕೈಯಲ್ಲೇ ಬರೆಯಿರಿ ಎಂಬುದು ನನ್ನ ಹಟ. ಕೆಟ್ಟಾಗ ಎಲ್ಲಿ ನೋಡಬೇಕೆಂದು ತಿಳಿದಿರುತ್ತದೆ.

ಈ ವಠಾರದಲ್ಲಿ ವಿಳಾಸ ಹಂಚುವವರು ಯಾರೂ ಇಲ್ಲ. ನಕಲು ವಿಎಂ ಶುರು ಮಾಡುವ ಮುನ್ನ ಅದರ ಕಾರ್ಡನ್ನು ವಿಎಂಬಿಆರ್1ಕ್ಕೆ ಹಾಕಿ, ಆಮೇಲೆ ಒಳಗೆ ಕೈಯಾರೆ 10.10.10.2, ಗೇಟ್‌ವೇ 10.10.10.1, ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಯಂತ್ರ) 8.8.8.8 ಬರೆಯಿರಿ. ಕಂಪ್ಯೂಟರಿನ ಹೆಸರನ್ನೂ ಬದಲಿಸಿ.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ನಿಮಗೆ ಬೇಕಾದದ್ದು ಮಾತ್ರ ಇನ್ನೂ ಆಗಿಲ್ಲ. ಹೊರಗಿನವರು ವಠಾರದೊಳಗೆ ಬರಲಾರರು, ಸರಿ. ಒಳಗಿನವರು ಹೊರಗೆ ಹೋಗಿ ಪಕ್ಕದ ಮನೆಯ ಕದ ತಟ್ಟಬಹುದಲ್ಲ? ಪ್ರಯೋಗದ ವಿಎಂನಿಂದ 192.168.1.20 ಎಂದು ಕರೆದರೆ ಹೋಸ್ಟು ವೇಷ ಹಾಕಿಸಿ ನೇರ ಟ್ಯಾಲಿ ಯಂತ್ರದ ಮುಂದೆ ನಿಲ್ಲಿಸುತ್ತದೆ. ಎಲ್ಲಿಂದಲೋ ಇಳಿಸಿದ ತಂತ್ರಾಂಶದಲ್ಲಿ ವೈರಸ್ ಇದ್ದರೆ ಅದಕ್ಕೆ ನ್ಯಾಟ್ ಯಾವ ಅಡ್ಡಿಯೂ ಅಲ್ಲ. ನ್ಯಾಟ್ ಇದ್ದರೆ ಬೇಲಿ ಇದ್ದಂತೆ ಎಂದು ತಿಳಿದವರನ್ನು ದೊಡ್ಡ ಆಫೀಸುಗಳಲ್ಲೂ ಕಂಡಿದ್ದೇನೆ.

ಬೇಲಿ ಬೇರೆಯೇ ಹಾಕಬೇಕು. ಆ ವಿಎಂನ ಫೈರ್‌ವಾಲ್ ಪುಟದಲ್ಲಿ ಹೊರಗೆ ಹೋಗುವ ದಿಕ್ಕಿನ ಎರಡು ನಿಯಮ ಸೇರಿಸಿ. 192.168.1.0 ಓರೆಗೆರೆ 24ಕ್ಕೆ ಹೋಗುವುದನ್ನು ಡ್ರಾಪ್ ಮಾಡು, 10.10.10.1ಕ್ಕೆ ಹೋಗುವುದನ್ನು ಡ್ರಾಪ್ ಮಾಡು. ಎರಡನೆಯದು ಏಕೆಂದರೆ ಅಲ್ಲೂ 8006ರ ಬಾಗಿಲು ತೆರೆದಿರುತ್ತದೆ, ಪ್ರಯೋಗದ ಯಂತ್ರಕ್ಕೆ ಪ್ರಾಕ್ಸ್‌ಮಾಕ್ಸ್ ಪುಟ ಕಾಣುವ ಅಗತ್ಯವಿಲ್ಲ. ಗೇಟ್‌ವೇಯನ್ನೇ ಮುಚ್ಚಿದರೆ ಇಂಟರ್ನೆಟ್ ಹೇಗೆ ಎಂದು ಕೇಳುತ್ತೀರಿ. ಗೇಟ್‌ವೇ ಮೂಲಕ ಹಾದುಹೋಗುವುದು ಬೇರೆ, ಗೇಟ್‌ವೇ ಜೊತೆಗೇ ಮಾತಾಡುವುದು ಬೇರೆ. ನಿಯಮ ನೋಡುವುದು ಕೊನೆಗೆ ಸೇರುವ ಊರನ್ನು, ನಡುವಿನ ಬಸ್‌ಸ್ಟ್ಯಾಂಡನ್ನಲ್ಲ. ಡಿಎನ್‌ಎಸ್‌ಗೆ ರೂಟರಿನ ವಿಳಾಸ ಕೊಡದೆ 8.8.8.8 ಕೊಡಿ ಎಂದದ್ದೂ ಇದಕ್ಕೇ.

ಫೈರ್‌ವಾಲ್ ಮೂರು ಕಡೆ ಆನ್ ಆಗಬೇಕು. ಡೇಟಾಸೆಂಟರ್ ಮಟ್ಟದಲ್ಲಿ, ಆ ವಿಎಂನಲ್ಲಿ, ಆ ವಿಎಂನ ನೆಟ್‌ವರ್ಕ್ ಕಾರ್ಡಿನ ಮೇಲಿನ ಟಿಕ್ಕಿನಲ್ಲಿ. ಒಂದು ಬಿಟ್ಟರೂ ನಿಯಮ ಬರೀ ಕಾಗದದ ಮೇಲಿನ ಹುಲಿ. ಡೇಟಾಸೆಂಟರ್ ಮಟ್ಟದಲ್ಲಿ ಆನ್ ಮಾಡಿದ ಮೇಲೆ ಹೋಸ್ಟಿಗೆ ಬರುವುದೆಲ್ಲ ನಿಲ್ಲುತ್ತದೆ. ನಿಮ್ಮದೇ ಸ್ಥಳೀಯ ನೆಟ್‌ವರ್ಕಿನಿಂದ 8006 ಮತ್ತು ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮಾತ್ರ ನಡೆಯುತ್ತವೆ. ನಿಮಗೆ ಅಷ್ಟೇ ಸಾಕು. ಇಷ್ಟು ಮಾಡಿದ ಮೇಲೆ ಪ್ರಯೋಗದ ವಿಎಂಗೆ ಇಂಟರ್ನೆಟ್ಟೇ ನಿಂತುಹೋದರೆ ಗಾಬರಿ ಬೇಡ. ಮಾಸ್ಕರೇಡ್ ಮತ್ತು ಫೈರ್‌ವಾಲ್ ಕೆಲವೊಮ್ಮೆ ಹೀಗೆ ಕಚ್ಚಾಡುತ್ತವೆ. ಕೈಪಿಡಿಯಲ್ಲಿ ಅದೇ ಉದಾಹರಣೆಯ ಕೆಳಗೆ ಕಾಂಟ್ರ್ಯಾಕ್ ಝೋನ್ ಎಂಬ ಎರಡು ಸಾಲು ಇವೆ, ಅವನ್ನೂ ಸೇರಿಸಿ.

ಬೇಲಿ ಹಾಕುವ ಮುನ್ನ ದಾರಿ ಸರಿಯಿದೆಯೇ ಎಂದು ಪರೀಕ್ಷಿಸಿ. ವಿಎಂ ಒಳಗಿಂದ ಮೊದಲು ಗೇಟ್‌ವೇಗೆ ಪಿಂಗ್ (ಇದ್ದೀಯಾ ಎಂದು ಕೂಗುವ ಆಜ್ಞೆ), ಆಮೇಲೆ 8.8.8.8ಕ್ಕೆ, ಆಮೇಲೆ ಯಾವುದಾದರೂ ವೆಬ್‌ಸೈಟಿನ ಹೆಸರಿಗೆ. ಮೊದಲನೆಯದೇ ಆಗದಿದ್ದರೆ ದೋಷ ಡಬ್ಬಿಯೊಳಗಿದೆ, ಬ್ರಿಡ್ಜ್ ತಪ್ಪು ಇಲ್ಲವೇ ವಿಳಾಸ ತಪ್ಪು. ಎರಡನೆಯದು ಆಗದಿದ್ದರೆ ಮಾಸ್ಕರೇಡ್ ಅಥವಾ ದಾಟಿಸುವ ಸಾಲು. ಮೂರನೆಯದು ಮಾತ್ರ ಆಗದಿದ್ದರೆ ಡಿಎನ್‌ಎಸ್. ಇದನ್ನು ಬಿಟ್ಟು ಬ್ರೌಸರ್ ತೆರೆದು, ಬರಲಿಲ್ಲ ಎಂದು ಎಲ್ಲವನ್ನೂ ಒಟ್ಟಿಗೆ ಬದಲಿಸುತ್ತಾ ಹೋದರೆ ಬೆಳಗಿನ ಜಾವವಾಗುತ್ತದೆ. ವಿಂಡೋಸ್ ಯಂತ್ರಕ್ಕೆ ಹೊರಗಿಂದ ಮಾಡಿದ ಪಿಂಗನ್ನು ಮಾತ್ರ ನಂಬಬೇಡಿ. ವಿಂಡೋಸಿನ ಸ್ವಂತ ಫೈರ್‌ವಾಲ್ ಸಾಮಾನ್ಯವಾಗಿ ಅದಕ್ಕೆ ಉತ್ತರ ಕೊಡುವುದಿಲ್ಲ, ಯಂತ್ರ ಚೆನ್ನಾಗಿಯೇ ಇರುತ್ತದೆ.

ವಿಂಡೋಸ್ ವಿಎಂನಲ್ಲಿ ನೆಟ್‌ವರ್ಕ್ ಕಾರ್ಡೇ ಕಾಣುತ್ತಿಲ್ಲ ಎನ್ನುವವರೂ ಬ್ರಿಡ್ಜನ್ನೇ ಬೈಯುತ್ತಾರೆ. ಅದು ಡ್ರೈವರಿನ ಸಮಸ್ಯೆ. ವಿಎಂಗೆ ಕೊಡುವ ಕಾರ್ಡುಗಳಲ್ಲಿ ವರ್ಟಿಯೋ ಮಾದರಿ ವೇಗದ್ದು, ಆದರೆ ವಿಂಡೋಸಿನಲ್ಲಿ ಅದರ ಡ್ರೈವರ್ ಇರುವುದಿಲ್ಲ. ವರ್ಟಿಯೋ ವಿನ್ ಎಂಬ ಐಎಸ್‌ಓ ಇಳಿಸಿ ವಿಎಂಗೆ ಸಿಡಿಯಂತೆ ಕೊಟ್ಟು ಹಾಕಿಕೊಳ್ಳಬೇಕು. ತುರ್ತಿಗೆ ಇಂಟೆಲ್ ಇ1000 ಮಾದರಿ ಆರಿಸಿದರೆ ನಡೆಯುತ್ತದೆ.

ಇನ್ನು ನಿಮ್ಮ ತಮ್ಮನ ವೈಫೈ ಡಾಂಗಲ್. ಬೇಡ. ವೈಫೈಯಲ್ಲಿ ಒಂದು ಸಾಧನ ತನ್ನ ಒಂದು ಮ್ಯಾಕ್ ವಿಳಾಸ ಹೇಳಿ ರೂಟರಿಗೆ ಪರಿಚಯವಾಗಿರುತ್ತದೆ. ಅದರ ಹಿಂದೆ ಬ್ರಿಡ್ಜಿನಲ್ಲಿ ಕೂತ ವಿಎಂಗಳು ಬೇರೆ ಬೇರೆ ಮ್ಯಾಕ್ ವಿಳಾಸದಲ್ಲಿ ಮಾತಾಡಲು ಹೊರಟರೆ, ಇವರು ಯಾರೋ ಗೊತ್ತಿಲ್ಲ ಎಂದು ರೂಟರ್ ಅವರ ಮಾತನ್ನು ಎಸೆದುಬಿಡುತ್ತದೆ. ಡಾಂಗಲ್ಲಿನ ದುಡ್ಡಿಗೆ ಒಳ್ಳೆಯ ನೆಟ್‌ವರ್ಕ್ ಕೇಬಲ್ ತನ್ನಿ. ಮೇಲಿನ ಏರ್ಪಾಡಿಗೆ ಎರಡನೇ ಕಾರ್ಡಿನ ಅವಶ್ಯಕತೆಯೂ ಇಲ್ಲ.

ಮುಂದೆಂದಾದರೂ ಡಬ್ಬಿ ಬಿಚ್ಚಿ ನಿಜವಾದ ಎರಡನೇ ಕಾರ್ಡು ಹಾಕಿದರೆ ಒಂದು ನೆನಪಿಟ್ಟುಕೊಳ್ಳಿ. ಇಎನ್‌ಪಿ2ಎಸ್0 ಎಂಬ ಹೆಸರಿನ 2 ಎಂಬುದು ಕಾರ್ಡು ಕೂತ ಜಾಗದ ಗುರುತು. ಹೊಸದೊಂದು ಕಾರ್ಡು ಒಳಗೆ ಬಂದರೆ ಹಳೆಯದರ ನಂಬರು ಬದಲಾಗಬಹುದು. ಆಗ ಫೈಲಿನಲ್ಲಿರುವ ಹೆಸರಿನ ಕಾರ್ಡೇ ಇರುವುದಿಲ್ಲ, ಬ್ರಿಡ್ಜಿಗೆ ತಂತಿಯೂ ಇರುವುದಿಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನೇ ಇದನ್ನು ಮಾಡಿ, ರೂಟರ್ ಬದಲಿಸಿ, ಕೇಬಲ್ ಬದಲಿಸಿ, ಸ್ವಿಚ್ಚಿನ ಮೇಲೆ ಗೂಬೆ ಕೂರಿಸಿ, ಎರಡು ತಾಸು ಕಳೆದ ಮೇಲೆ ಮಾನಿಟರ್ ಸಿಕ್ಕಿಸಿ ನೋಡಿದೆ. 2 ಇದ್ದದ್ದು 3 ಆಗಿತ್ತು.

ಒಂದೇ ತಂತಿಯಲ್ಲಿ ಬೇರೆ ಬೇರೆ ನೆಟ್‌ವರ್ಕ್ ಓಡಿಸುವ ವಿಲ್ಯಾನ್ ಬಗ್ಗೆ ನೀವು ಕೇಳಿಲ್ಲ, ಒಳ್ಳೆಯದಾಯಿತು. ಅದನ್ನು ಆಫೀಸಿನ ಉಳಿದ ಯಂತ್ರಗಳಿಗೂ ಒಯ್ಯಲು ಅದನ್ನು ಬಲ್ಲ ಸ್ವಿಚ್ಚು ಬೇಕು. ನಾಲ್ಕು ಕಂಪ್ಯೂಟರಿನ ಆಫೀಸಿಗೆ ಸದ್ಯಕ್ಕೆ ಬೇಡ. ಮನೆಯಿಂದ ನೋಡಲೆಂದು 8006ನ್ನು ರೂಟರಿನಲ್ಲಿ ಹೊರಕ್ಕೆ ತೆರೆಯುವುದಂತೂ ಖಂಡಿತ ಬೇಡ.

ಕೊನೆಯದು ಕರೆಂಟಿನ ವಿಷಯ. ಕರೆಂಟು ಹೋಗಿ ಬಂದಾಗ ಡಬ್ಬಿಯೂ ರೂಟರೂ ಒಟ್ಟಿಗೆ ಏಳುತ್ತವೆ, ಯಾರು ಮೊದಲು ಸಿದ್ಧರಾಗುತ್ತಾರೆ ಎಂದು ಹೇಳಲಾಗದು. ವಿಎಂ ಎದ್ದಾಗ ರೂಟರ್ ಇನ್ನೂ ಕಣ್ಣುಜ್ಜುತ್ತಿದ್ದರೆ, ಡಿಎಚ್‌ಸಿಪಿ ನಂಬಿದ ವಿಂಡೋಸ್ 169.254 ಎಂದು ಶುರುವಾಗುವ ವಿಳಾಸವೊಂದನ್ನು ತಾನೇ ಹಾಕಿಕೊಂಡು ಕೂರುತ್ತದೆ. ಆ ಸಂಖ್ಯೆ ಎಲ್ಲೇ ಕಂಡರೂ ವಿಳಾಸ ಕೊಡುವವರು ಸಿಗಲಿಲ್ಲ ಎಂದೇ ಅರ್ಥ. ನಿಮ್ಮ ಹೋಸ್ಟ್, ಎರಡೂ ವಿಎಂಗಳಿಗೆ ಖಾಯಂ ವಿಳಾಸ ಇರುವುದರಿಂದ ಈ ತೊಂದರೆ ಬರಬಾರದು. ಟ್ಯಾಲಿ ವಿಎಂ ತಾನಾಗಿ ಶುರುವಾಗಲಿ ಎಂದು ಟಿಕ್ ಮಾಡಿ, ಪ್ರಯೋಗದ್ದಕ್ಕೆ ಬೇಡ. ಕರೆಂಟು ಬಂದೊಡನೆ ಡಬ್ಬಿ ತಾನೇ ಆನ್ ಆಗುವಂತೆ ಬಯಾಸ್‌ನಲ್ಲಿ ಹೊಂದಿಸಿ.

ಎಲ್ಲ ಆದ ಮೇಲೆ ಒಂದು ಭಾನುವಾರ, ಟ್ಯಾಲಿ ಬ್ಯಾಕಪ್ ತೆಗೆದು, ವಿಎಂಗಳನ್ನೂ ಡಬ್ಬಿಯನ್ನೂ ಸರಿಯಾಗಿ ಶಟ್‌ಡೌನ್ ಮಾಡಿ. ಮೇನ್ ಸ್ವಿಚ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆನ್ ಮಾಡಿ. ಏನನ್ನೂ ಮುಟ್ಟದೆ ಕಾದು ನೋಡಿ. ನಾಲ್ಕೂ ಕಂಪ್ಯೂಟರಿನಲ್ಲಿ ಟ್ಯಾಲಿ ತೆರೆದು, 8006ರ ಪುಟವೂ ಬಂದರೆ, ಆವಾಗ ಮಾನಿಟರ್ ಬಿಚ್ಚಿ ನಿಮ್ಮ ತಮ್ಮನಿಗೆ ವಾಪಸ್ ಕೊಡಬಹುದು. ಅಲ್ಲಿಯವರೆಗೆ ಅದು ಆ ಡಬ್ಬಿಯ ಪಕ್ಕದಲ್ಲೇ ಇರಲಿ.